ಹೊಸ ಮನೆಗಳು ಖಾಲಿ ಉಳಿದ ವರ್ಷ

ಈಚೆಗೆ ಪಂಚಾಯ್ತಿ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಅವರಿಗೆ ವಹಿಸಿದ ಮೊದಲ ಕೆಲಸ ಮನೆಗಳ ಸಮೀಕ್ಷೆ. ಊರಿನಲ್ಲಿ ಎಷ್ಟು ಮನೆ ಖಾಲಿ ಇವೆ, ಎಷ್ಟು ಮನೆ ವಾಸಕ್ಕೆ ಯೋಗ್ಯವಿಲ್ಲ ಎಂದು ನೋಡಿ ಬರಬೇಕಿತ್ತು. "ನೀವೂ ಇದನ್ನ ಮಾಡೀರಂತಲ್ರಿ ಬಾಯಾರ, ಹ್ಯಾಂಗ ಮಾಡ್ತಿದ್ರಿ?" ಎಂದು ಕೇಳಿದರು. ಒಂದು ಕಪ್ ಚಹ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ. ಆದ್ದರಿಂದ ಬರೆಯಲು ಕೂತಿದ್ದೇನೆ.

ನಾನು ಗ್ರಾಮಸೇವಿಕೆಯಾಗಿದ್ದೆ. ಎಪ್ಪತ್ತರ ದಶಕವೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕು ತಾಲೂಕುಗಳ ನಡುವೆಯೇ ವರ್ಗವಾಗುತ್ತ ಕಳೆಯಿತು. ಯಾವಾಗ ಎಲ್ಲಿದ್ದೆ, ಬಡ್ತಿ ಎಂದು ಬಂತು ಎನ್ನುವುದನ್ನು ಬಿಟ್ಟುಬಿಡುತ್ತೇನೆ, ಅದರಿಂದ ಕಲಿಯುವುದೇನೂ ಇಲ್ಲ. ಬಾಲವಾಡಿ ನಡೆಸುವುದು, ಹೊಗೆ ಇಲ್ಲದ ಒಲೆ ಹಾಕಿಸುವುದು, ಬಾಣಂತಿಯರ ಮನೆಗೆ ಹೋಗಿ ಬರುವುದು ನನ್ನ ಕೆಲಸವಾಗಿತ್ತು. ದೊಡ್ಡ ಬರ ಮುಗಿದ ಮೇಲೆ ಸರಕಾರದವರು ಬಡವರಿಗೆ ಮನೆ ಕಟ್ಟಿಸಲು ಶುರುಮಾಡಿದರು. ಆಗ ಮನೆ ನೋಡುವ ಕೆಲಸವೂ ನನ್ನ ಪಾಲಿಗೆ ಬಂತು. ಗಂಡಸರು ಅಂಗಳದಲ್ಲೇ ನಿಲ್ಲಬೇಕಾಗುತ್ತಿತ್ತು, ನಾನಾದರೆ ಅಡುಗೆಮನೆಯವರೆಗೂ ಹೋಗಬಹುದಿತ್ತು. ಅದೇ ಕಾರಣ.

ನನ್ನ ಜೊತೆ ಬರುತ್ತಿದ್ದವರು ಮಲ್ಲಪ್ಪನವರೆಂಬ ಓವರ್‌ಸೀಯರ್. ಉದ್ದನೆಯ ಮನುಷ್ಯ, ಮಾತು ಕಡಿಮೆ. ಯಾವ ಗೋಡೆ ಕಂಡರೂ ಬೆರಳಿನ ಗೆಣ್ಣಿನಿಂದ ಟಕ್‌ಟಕ್ ಎಂದು ಬಡಿದು ಸದ್ದು ಕೇಳುವುದು ಅವರ ಚಟ. ಚಹದ ಅಂಗಡಿಯಲ್ಲಿ ಕೂತರೂ ಹಿಂದಿನ ಗೋಡೆ ಬಡಿಯುತ್ತಿದ್ದರು. ಅಂಗಡಿಯವರು ಬೈಯುತ್ತಿದ್ದರು.

ಖಾಲಿ ಮನೆ ಎಂದರೇನು ಎಂಬುದು ನಮಗೆ ಮೊದಲು ತಿಳಿದದ್ದು ಹೂವಿನ ಹಿಪ್ಪರಗಿ ಕಡೆಯ ಒಂದು ಸಣ್ಣ ಊರಿನಲ್ಲಿ. ಸುಗ್ಗಿ ಮುಗಿದಿತ್ತು. ಓಣಿಯ ಅರ್ಧ ಮನೆಗಳ ಬಾಗಿಲಿಗೆ ಮುಳ್ಳಿನ ಕಂಟಿ ಅಡ್ಡ ಇಟ್ಟಿದ್ದರು. ಬಿಸಿಲು ಜೋರಾಗಿತ್ತು. ಆಗಿನ ಮೇಲಧಿಕಾರಿಯೊಬ್ಬರು ನಮ್ಮ ಜೊತೆಗೆ ಬಂದಿದ್ದರು. ಕಂಟಿ ಕಂಡಲ್ಲೆಲ್ಲ "ಇದು ಖಾಲಿ, ಇದೂ ಖಾಲಿ, ಬರ್ಕೋ" ಎನ್ನುತ್ತ ನಡೆದರು. ಮಧ್ಯಾಹ್ನ ಅಂಥದೇ ಒಂದು "ಖಾಲಿ" ಮನೆಯ ಕಂಟಿ ಸರಿಸಿ, ಪಡಸಾಲೆಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಎರಡನೆಯ ರೊಟ್ಟಿಗೆ ಕೈ ಹಾಕುವಷ್ಟರಲ್ಲಿ ಒಳಗಿನ ಕತ್ತಲೆಯಿಂದ ಒಬ್ಬ ಅಜ್ಜಿ ಕೋಲೂರಿಕೊಂಡು ಹೊರಬಂದಳು.

"ಯಾರ್ರಿ ನೀವು? ನನ್ನ ಮನ್ಯಾಗ ಕುಂತು ರೊಟ್ಟಿ ತಿನ್ನಾಕತ್ತೀರಲ್ಲ!"

ಸಾಹೇಬರು ತಬ್ಬಿಬ್ಬಾದರು. "ಬಾಗಲಿಗೆ ಕಂಟಿ ಇತ್ತಲ್ಲಬೇ…"

"ಕಂಟಿ ನಾಯಿ ಬರಬಾರದಂತ ಇಟ್ಟದ್ದು. ಮಗ, ಸೊಸಿ ಕಬ್ಬ ಕಡ್ಯಾಕ ಸೊಲ್ಲಾಪುರ ಕಡೆ ಹೋಗ್ಯಾರ. ನಾ ಇನ್ನಾ ಜೀವಂತ ಅದೇನಿ!"

ಬೈದ ಮೇಲೆ ಅವಳೇ ಕಾರದಪುಡಿ ತಂದು ನಮ್ಮ ರೊಟ್ಟಿಯ ಮೇಲೆ ಹಾಕಿದಳು. ಊಟವಾದ ಮೇಲೆ ಓಣಿಯ ತುದಿಯಿಂದ ಮತ್ತೆ ಹೊರಟೆವು. ಈ ಸಲ ಪ್ರತಿ ಬಾಗಿಲಲ್ಲೂ ನಿಂತು ಕೂಗಿದೆವು. ಬಹಳಷ್ಟು ಮನೆಗಳವರು ದುಡಿಯಲು ಹೋದವರು, ಮಳೆಗಾಲಕ್ಕೆ ಮರಳುವವರು. ಬಾಗಿಲು ಮುಚ್ಚಿದೆ ಎಂದಮಾತ್ರಕ್ಕೆ ಖಾಲಿ ಎಂದು ಬರೆಯಬೇಡಿ. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದು.

ಆದರೆ ನಿಜವಾಗಿಯೂ ಖಾಲಿಯಿದ್ದ ಮನೆಗಳು ನಮಗೆ ಇನ್ನೂ ಹೆಚ್ಚು ಕಷ್ಟ ಕೊಟ್ಟವು. ಅದು ಇಂಡಿ ತಾಲೂಕಿನಲ್ಲಿ, ಚಡಚಣದ ಆಚೆ, ಗಡಿಗೆ ಹತ್ತಿರದ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿನ ಮಂದಿ ಇನ್ನೂ ಇದ್ದಾರೆ. ಊರಂಚಿನ ಕೇರಿಯಲ್ಲಿ ಬೌದ್ಧ ಕುಟುಂಬಗಳಿದ್ದವು. ಎಲ್ಲವೂ ಮಣ್ಣಿನ ಮಾಳಿಗೆಯ ಹಳೆಯ ಮನೆಗಳು. ಈಗಿನವರು ಅಂಥ ಮನೆ ನೋಡಿರಲಿಕ್ಕಿಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚೂರು, ಅದರ ಮೇಲೆ ಮೊಳ ಮಣ್ಣು. ಬೇಸಿಗೆಯಲ್ಲಿ ತಂಪು. ಪ್ರತಿ ವರ್ಷ ಮಣ್ಣು ಹಾಕಿ ಹದವಾಗಿ ಇಟ್ಟುಕೊಂಡರೆ ನೂರು ವರ್ಷ ನಿಲ್ಲುತ್ತದೆ. ಆದರೆ ತೊಲೆಗೆ ಹುಳ ಹತ್ತಿ, ಮೇಲಿನ ಮಣ್ಣು ನೀರು ಕುಡಿಯಿತೆಂದರೆ ಆ ಭಾರವೆಲ್ಲ ಒಂದೇ ಸಲಕ್ಕೆ ಕೆಳಗೆ ಬರುತ್ತದೆ.

ಆ ಕೇರಿಯಲ್ಲಿ ಶೇವಂತಾ ಎಂಬ ಹೆಣ್ಣುಮಗಳಿದ್ದಳು. ಗಂಡ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಮುದಿ ಅತ್ತೆ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ನಡುಮನೆಯ ತೊಲೆ ಬಾಗಿ, ಅದಕ್ಕೆ ಬೇವಿನ ಕವೆಗೋಲು ಆನಿಸಿದ್ದರು. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ದಿನಾ ಮಣ್ಣು ಉದುರುತ್ತಿತ್ತು. ಶೇವಂತಾ ಮುಂಜಾನೆ ಎದ್ದು ಮೊದಲು ಆ ಪಟ ಒರೆಸಿ, ಆಮೇಲೆ ನೆಲ ಗುಡಿಸುತ್ತಿದ್ದಳು. ಮಲ್ಲಪ್ಪನವರು ಆ ತೊಲೆಯನ್ನು ಬಡಿದು ನೋಡಿದ ದಿನ ಅವರ ಮುಖ ಬಿಳಿಚಿಕೊಂಡಿತ್ತು. "ಬಾಯಾರ, ಒಳಗ ಪೊಳ್ಳ ಐತ್ರಿ," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು.

ಈ ಕೇರಿಯವರಿಗೆಂದೇ ಊರ ಹೊರಗೆ, ಸೊಲ್ಲಾಪುರದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಎರಡು ಸಾಲು ಹೊಸ ಮನೆ ಕಟ್ಟಿಸಲಾಗಿತ್ತು. ಕಲ್ಲಿನ ಗೋಡೆ, ಫರಸಿ ಕಲ್ಲಿನ ಚಾವಣಿ. ಮಲ್ಲಪ್ಪನವರೇ ನಿಂತು ಕಟ್ಟಿಸಿದ್ದರು. ಯುಗಾದಿಗೆ ಬೀಗದ ಕೈ ಹಂಚಿದ್ದಾಯಿತು. ಒಬ್ಬರೂ ಹೋಗಲಿಲ್ಲ. ಹೊಸ ಬಾಗಿಲುಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು, ಒಳಗೆ ಆಡುಗಳು ಮಲಗುತ್ತಿದ್ದವು.

ನಮ್ಮ ತಾಲೂಕಿನ ಅಭಿವೃದ್ಧಿ ಅಧಿಕಾರಿ ಶ್ರೀಕಂಠಯ್ಯನವರು ಹಾಸನದ ಕಡೆಯವರು. ಎಲ್ಲರೂ ಬಿಡಿಓ ಸಾಹೇಬರೆನ್ನುತ್ತಿದ್ದರು. ಕೆಲಸದಲ್ಲಿ ಕಟ್ಟುನಿಟ್ಟು. ನಮ್ಮ ಕಡೆಯ ಮಾತು ಮಾತ್ರ ಅವರಿಗೆ ಅರ್ಥವಾಗುತ್ತಿರಲಿಲ್ಲ. ಸಭೆಗಳಲ್ಲಿ ಕನ್ನಡದಿಂದ ಕನ್ನಡಕ್ಕೆ ನಾನೇ ದುಭಾಷಿಯಾಗುತ್ತಿದ್ದೆ. ಅವರು ಊರಿಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂತು ಗಂಡಸರನ್ನೆಲ್ಲ ಕರೆಸಿದರು.

"ಸರ್ಕಾರ ಮನೆ ಕಟ್ಟಿಸಿಕೊಟ್ಟಿದೆ. ಯಾಕ್ರಪ್ಪಾ ಹೋಗ್ತಿಲ್ಲ?"

"ನೀರಿಲ್ರಿ ಸಾಹೇಬ್ರ," ಎಂದರು. ಸಾಹೇಬರು ಬೋರು ಹೊಡೆಸಿ ಕೈಪಂಪು ಹಾಕಿಸಿದರು. ಆಗಲೂ ಹೋಗಲಿಲ್ಲ. ಮತ್ತೆ ಬಂದು ಕೇಳಿದರೆ, "ಬಿಸಲಿಗೆ ಫರಸಿ ಕಾಯ್ತಾವ್ರಿ," ಎಂದರು. ಸರಿ, ಮಳೆಗಾಲ ಬರಲಿ ಎಂದು ಕಾದರು. ಮಳೆಗಾಲವೂ ಬಂತು. ಮೂರನೆಯ ಸಲ ಬಂದಾಗ ಹಿರಿಯನೊಬ್ಬ ತಲೆ ಕೆರೆದುಕೊಳ್ಳುತ್ತ ಹೇಳಿದ: "ಖರೇ ಹೇಳ್ತೇನ್ರಿ ಸಾಹೇಬ್ರ. ಅಲ್ಲಿ ಗಾಳಿ ಐತ್ರಿ."

"ಗಾಳಿ ಇದ್ರೆ ಒಳ್ಳೇದೇ ಆಯ್ತಲ್ರೀ! ಕಿಟಕಿ ಇಟ್ಟಿರೋದೇ ಅದಕ್ಕೆ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಳಿ ಎಂದರೆ ದೆವ್ವ ಎಂದು ನಾನು ಸಾಹೇಬರ ಕಿವಿಯಲ್ಲಿ ಹೇಳಿದೆ. ಅವರ ಮುಖ ಕೆಂಪಾಯಿತು. ದಸರೆಯೊಳಗೆ ಮನೆ ಹೊಕ್ಕದಿದ್ದರೆ ಎಲ್ಲವನ್ನೂ ವಾಪಸು ತೆಗೆದುಕೊಂಡು ಬೀಜ ಗೊಬ್ಬರದ ಗೋದಾಮು ಮಾಡುತ್ತೇನೆ ಎಂದು ಹೇಳಿ ಜೀಪು ಹತ್ತಿದರು. ಹೋಗುವಾಗ ನನಗೆ, "ನೀವು ಹೆಂಗಸರಿಗೆ ಸ್ವಲ್ಪ ತಿಳಿಸಿ ಹೇಳಿ ನೋಡಿ," ಎಂದರು.

ನಾನು ಹೋಗಿ ಹೇಳಿದೆ. ಬೆಳಕು, ಗಾಳಿ, ಮಕ್ಕಳ ಆರೋಗ್ಯ, ಎಲ್ಲವನ್ನೂ ಹೇಳಿದೆ. ಹೆಂಗಸರು ಸೆರಗು ಹೊತ್ತುಕೊಂಡು ಕೂತು, "ಹೌದ್ರಿ ಬಾಯಾರ, ಖರೇ ಐತ್ರಿ ಬಾಯಾರ," ಎನ್ನುತ್ತಿದ್ದರು. ಅಷ್ಟೇ. ನೀವು ಮಾತಾಡಿದ್ದಕ್ಕೆಲ್ಲ ಜನ ಹೌದು ಹೌದು ಎಂದರೆ ನಿಮಗಿನ್ನೂ ಏನೂ ಗೊತ್ತಾಗಿಲ್ಲ ಎಂದೇ ತಿಳಿಯಿರಿ.

ಆ ದಿನ ಸಂಜೆ ಇಂಡಿಗೆ ಹೋಗುವ ಬಸ್ಸು ಬರಲೇ ಇಲ್ಲ. ಶೇವಂತಾ ನನ್ನನ್ನು ಬಿಡಲಿಲ್ಲ. "ನಮ್ಮ ಮನ್ಯಾಗ ಇರ್ರಿ, ರೊಟ್ಟಿ ಪುಂಡಿಪಲ್ಯೆ ಐತಿ," ಎಂದು ಕರೆದೊಯ್ದಳು. ಬಾಗಿದ ತೊಲೆಯಿಂದ ದೂರ, ಬಾಗಿಲ ಹತ್ತಿರ ನನಗೆ ಹಾಸಿಕೊಟ್ಟಳು. ಕಣ್ಣು ತೆರೆದಾಗ ಇನ್ನೂ ನಸುಕಿತ್ತು. ಶೇವಂತಾ ತಂಬಿಗೆ ಹಿಡಿದು ನಿಂತಿದ್ದಳು.

"ಏಳ್ರಿ ಬಾಯಾರ. ಬೆಳಕ ಹರಿಯೂದ್ರಾಗ ಹೋಗಿ ಬರೂಣು."

ಕೇರಿಯ ಹಿಂದೆ ಒಂದು ಹಳ್ಳದ ತಗ್ಗು ಇತ್ತು. ಎರಡೂ ಕಡೆ ಎದೆಮಟ್ಟ ಕಳ್ಳಿ ಬೆಳೆದಿತ್ತು. ಓಣಿಯ ಹೆಂಗಸರೆಲ್ಲ ಒಟ್ಟಿಗೆ ಅಲ್ಲಿಗೇ ಹೊರಟಿದ್ದರು. ನಡೆಯುತ್ತ ನಗುತ್ತಿದ್ದರು, ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತಿದ್ದರು. ಹಗಲಲ್ಲಿ ನನ್ನೆದುರು ಸೆರಗು ಹೊತ್ತು ಕೂತಿದ್ದವರು ಇವರೇ ಎಂದು ನಂಬುವುದು ಕಷ್ಟವಾಯಿತು. ಮರಳಿ ಬರುವಾಗ ಸುಮ್ಮನೆ ಮಾತಿಗೆಂದು ಕೇಳಿದೆ: "ಹೊಸಾ ಮನಿಗೆ ಹೋದ್ರ ಎಲ್ಲಿಗೆ ಹೋಗ್ತೀರಿ ಹಂಗಾರ?"

ನಗು ನಿಂತಿತು. ಶೇವಂತಾ ನಿಂತು ನನ್ನ ಮುಖ ನೋಡಿದಳು.

"ಅದನ್ನ ನಾವೂ ಕೇಳಾಕತ್ತೇವ್ರಿ. ಎಲ್ಲಿಗೆ ಹೋಗೂದು? ಮುಂದ ಡಾಂಬರ ರಸ್ತೆ, ಬಸ್ಸು ಲಾರಿ ಓಡಾಡತಾವ. ಹಿಂದ ಬರೇ ಬಯಲ. ಒಂದ ಗಿಡ ಇಲ್ಲ, ಕಂಟಿ ಇಲ್ಲ. ಅದರಾಚಿ ಬಾವಿ, ಮುಂಜಾನೆದ್ದು ಗಂಡಸರು ಮೋಟರ್ ಚಾಲೂ ಮಾಡಾಕ ಬರ್ತಾರ. ಜಳಕಕ್ಕ ಬಚ್ಚಲಿಲ್ಲ. ನೀವ ಆದ್ರ ಹೋಗ್ತಿದ್ರೇನ್ರಿ?"

"ಮತ್ತ ಇದನ್ನ ಮೊದಲ ಯಾಕ ಹೇಳಲಿಲ್ಲ?" ಎಂದೆ.

"ಗಂಡಸರ ಮುಂದ ಹ್ಯಾಂಗ ಹೇಳೂದ್ರಿ? ಗಂಡಗ ಹೇಳಿದ್ರ, ಎಲ್ಲಾರೂ ಹ್ಯಾಂಗ ಹೋಗ್ತಾರ ಹಂಗ ಹೋಗು ಅಂದ. ಅದಕ್ಕ ನಾವ ಎಲ್ಲಾರೂ ಕೂಡಿ, ಅಲ್ಲಿ ಗಾಳಿ ಐತಿ ಅಂತ ಹೇಳಿಬಿಟ್ವಿ. ಅದನ್ನ ಮಾತ್ರ ಗಂಡಸರು ಪಟ್ನ ನಂಬಿದ್ರು."

ಹೆಂಗಸರೆಲ್ಲ ಮತ್ತೆ ಜೋರಾಗಿ ನಕ್ಕರು. ನಾನೂ ನಕ್ಕೆ. ಮೂರು ಸಲ ಜೀಪು ತಂದು, ಬೋರು ಹೊಡೆಸಿ, ಕೂಗಾಡಿ ಹೋದ ಸಾಹೇಬರು ಕಣ್ಣ ಮುಂದೆ ಬಂದರು.

ಆದರೆ ಬಸ್ಸಿನಲ್ಲಿ ಕೂತ ಮೇಲೆ ನಗು ಇಳಿದುಹೋಯಿತು. ಇದನ್ನು ಕಚೇರಿಯಲ್ಲಿ ಗಂಡಸರ ಮುಂದೆ ಹೇಳಬೇಕಾದವಳು ನಾನು. ಆ ಕಾಲದಲ್ಲಿ ಅದು ಎಂಥ ಕಷ್ಟ ಎಂದು ಈಗಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ಮೊದಲು ಮಲ್ಲಪ್ಪನವರಿಗೆ ಹೇಳಿದೆ. ಅವರು ಕಿವಿಯವರೆಗೂ ಕೆಂಪಾಗಿ, "ಪ್ಲಾನಿನ್ಯಾಗ ಅದಿಲ್ರಿ ಬಾಯಾರ," ಎಂದರು. ಆಮೇಲೆ ತಾವೇ ಎದ್ದು, "ನಡೀರಿ, ಸಾಹೇಬ್ರಿಗೆ ಹೇಳೂಣು. ನಾ ಬಾಜೂಕ ನಿಂದರತೇನಿ," ಎಂದರು.

ನಿಂತರು. ಆದರೆ ತುಟಿ ಬಿಚ್ಚಲಿಲ್ಲ. ನಾನು ಮೇಜಿನ ಅಂಚು ನೋಡುತ್ತ, ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಕೋಣೆಯಲ್ಲಿದ್ದ ಗುಮಾಸ್ತರು ಕೆಮ್ಮಿದರು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಆ ಗಾಳಿ?"

"ಅದು ಹೆಣ್ಣುಮಕ್ಕಳು ಕಟ್ಟಿದ್ದು ಸರ್."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮಲ್ಲಪ್ಪನವರ ಕಡೆ ತಿರುಗಿದರು. "ನಾವೂ ತಾಯಿ, ಅಕ್ಕ, ತಂಗಿ ಜೊತೆಗೇ ಬೆಳೆದೋರು ಅಲ್ವೇನ್ರೀ? ಒಬ್ರಿಗೂ ಹೊಳೀಲಿಲ್ಲವಲ್ಲ." ಆಮೇಲೆ ಪೆನ್ನು ಎತ್ತಿಕೊಂಡು, "ಸರಿ, ಗೋಡೆ ಕಟ್ಟಿಸೋಣ. ಆದ್ರೆ ಮೇಲಕ್ಕೆ ಏನಂತ ಬರೀಲಿ? ಹೀಗಂತ ಬರೆದ್ರೆ ಜಿಲ್ಲಾ ಕಚೇರೀಲಿ ನಕ್ಕು ಫೈಲನ್ನ ವಾಪಸ್ ಎಸೀತಾರೆ," ಎಂದರು.

ಮಲ್ಲಪ್ಪನವರು ಆಗ ಮೊದಲ ಸಲ ಬಾಯಿ ತೆರೆದರು. "ಮಣ್ಣು ಕೊಚ್ಚಿ ಹೋಗದಂಗ ತಡಿಯೂ ಗ್ವಾಡಿ ಅಂತ ಬರೀರಿ ಸರ್. ಬರಗಾಲ ಆದಾಗಿಂದ ಅದನ್ನ ಯಾರೂ ಇಲ್ಲ ಅನ್ನೂದಿಲ್ಲ."

ಹಾಗೆ ನಮ್ಮ ಹೆಣ್ಣುಮಕ್ಕಳ ಮರೆಗೋಡೆ ಮಣ್ಣು ಸವಕಳಿ ತಡೆಯುವ ಗೋಡೆಯಾಗಿ ಮಂಜೂರಾಯಿತು. ಮನೆಗಳ ಹಿಂದಿನಿಂದ ಹಳ್ಳದ ಕೆಳಗಿನ ತಗ್ಗಿನವರೆಗೆ ಆಳೆತ್ತರ ಗೋಡೆ, ಪ್ರತಿ ಮನೆಯ ಹಿತ್ತಲಿಗೆ ಕಲ್ಲು ನಿಲ್ಲಿಸಿ ಒಂದು ಬಚ್ಚಲು. ಕೇರಿಯವರೇ ಕಲ್ಲು ಹೊತ್ತರು. ಎಲ್ಲಿ ತಿರುಗಬೇಕು, ಎಲ್ಲಿ ದಾರಿ ಬಿಡಬೇಕು ಎಂದು ಹೆಂಗಸರು ನನ್ನ ಮೂಲಕ ಹೇಳಿ ಕಳಿಸುತ್ತಿದ್ದರು. ಮಲ್ಲಪ್ಪನವರು ನೆಲ ನೋಡುತ್ತ ಕೇಳಿಸಿಕೊಂಡು ಹಾಗೇ ಮಾಡಿಸುತ್ತಿದ್ದರು.

ಗೋಡೆ ಅರ್ಧಕ್ಕೂ ಮೇಲೆದ್ದಿತ್ತು. ಆಗಲೇ ಶೇವಂತಾಳ ಮನೆಯ ಕವೆಗೋಲು ಭಾರಕ್ಕೆ ನೆಲದೊಳಕ್ಕೆ ಇಳಿಯುತ್ತಿರುವುದು ಕಂಡಿತು. ನಾನು ಕೈಮುಗಿದು ಹೇಳಿದೆ, "ನೀ ಒಬ್ಬಾಕಿನಾರ ಮೊದಲ ಹೋಗವಾ, ಮಕ್ಕಳ ಮುಖ ನೋಡು."

"ಒಬ್ಬಾಕಿ ಹೋಗಿ ಏನ್ ಮಾಡ್ಲಿರಿ? ಓಣಿ ಹೆಂಗಸರ ಕೂಡ ಹೋದ್ರ ಧೈರ್ಯ. ಗ್ವಾಡಿ ಮುಗೀಲಿ, ಎಲ್ಲಾರೂ ಕೂಡೇ ಹೋಗ್ತೇವಿ."

ಅವಳ ಅತ್ತೆಯೂ ಅದನ್ನೇ ಹೇಳಿದಳು. ನಾನು ಇಂಡಿಗೆ ಮರಳಿದೆ. ಆ ರಾತ್ರಿಯಿಂದಲೇ ಉತ್ತರಿ ಮಳೆ ಹಿಡಿಯಿತು.

ನಮ್ಮ ಕಡೆ ಮಳೆ ಬಂದರೆ ಹಬ್ಬ. ಆ ಸಲ ಮಾತ್ರ ನನಗೆ ಊಟ ಸೇರಲಿಲ್ಲ. ಬಿಡದೆ ಜಡಿ ಹೊಡೆಯಿತು. ಹಳ್ಳ ತುಂಬಿ ರಸ್ತೆ ಮುಳುಗಿ ಬಸ್ಸುಗಳು ನಿಂತುಹೋದವು. ಇಂಡಿಯಲ್ಲೇ ಎರಡು ಹಳೆಯ ಮಾಳಿಗೆ ಬಿದ್ದ ಸುದ್ದಿ ಬಂತು. ನಾನು ಕಿಟಕಿಯಲ್ಲಿ ನಿಂತು ಆ ಪೊಳ್ಳು ತೊಲೆಯನ್ನೇ ನೆನೆಯುತ್ತಿದ್ದೆ. ಮಲ್ಲಪ್ಪನವರು ಕಚೇರಿಯ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಿದ್ದರು. ಗೋಡೆ ಬಡಿಯುವುದನ್ನೂ ಮರೆತಿದ್ದರು.

ಮಳೆ ಹೊಳವಾದ ದಿನವೇ ಇಬ್ಬರೂ ಹೊರಟೆವು. ಬಸ್ಸು ಅರ್ಧ ದಾರಿಯವರೆಗೆ ಮಾತ್ರ ಹೋಯಿತು. ಅಲ್ಲಿಂದ ಎರೆಮಣ್ಣಿನಲ್ಲಿ ನಡಿಗೆ. ಒಂದೊಂದು ಕಾಲಿಗೂ ಮಣ್ಣು ಹೆಂಟೆಯಾಗಿ ಅಂಟಿ, ಕಾಲು ಎತ್ತುವುದೇ ಸಾಹಸವಾಗಿತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡಿದಿದ್ದೆ. ಹಳೆಯ ಕೇರಿಯ ಕಡೆಯಿಂದಲೇ ಊರು ಹೊಕ್ಕೆವು. ತಿರುವಿನಲ್ಲಿ ಮುಂದೆ ಹೋದ ಮಲ್ಲಪ್ಪನವರು ತಟ್ಟನೆ ನಿಂತರು.

ಶೇವಂತಾಳ ಮನೆಯಿದ್ದ ಜಾಗದಲ್ಲಿ ನಾಲ್ಕು ಗೋಡೆ ಮಾತ್ರ ಇದ್ದವು. ಒಳಗೆ ಎದೆಮಟ್ಟ ಹಸಿ ಮಣ್ಣಿನ ಗುಡ್ಡೆ. ಮುರಿದ ತೊಲೆಯ ತುದಿ ಅದರಿಂದ ಮೇಲೆ ಚಾಚಿತ್ತು. ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮಲ್ಲಪ್ಪನವರು ಆ ಕೆಸರಿನಲ್ಲೇ ಕುಸಿದು ಕೂತರು. ಕೂಗಿ ಕರೆಯಬೇಕೆಂದರೆ ನನಗೆ ಆ ಮಕ್ಕಳ ಹೆಸರುಗಳೂ ನೆನಪಾಗಲಿಲ್ಲ.

ಅಷ್ಟರಲ್ಲಿ ಮಲ್ಲಪ್ಪನವರು ನನ್ನ ಸೆರಗು ಜಗ್ಗಿದರು. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅಂಥ ಸಲಿಗೆ ತೋರಿದವರಲ್ಲ. ರಸ್ತೆಯ ಕಡೆ ಕೈ ಮಾಡಿ, "ಬಾಯಾರ… ಹೊಗಿ," ಎಂದರು.

ಹೊಸ ಮನೆಗಳ ಮೇಲೆ ಹೊಗೆ ಏಳುತ್ತಿತ್ತು. ಎರಡೂ ಸಾಲಿನಲ್ಲಿ, ಎಲ್ಲ ಮನೆಗಳಿಂದಲೂ ಏಳುತ್ತಿತ್ತು.

ಓಡಿದೆವು ಎಂದು ಬರೆಯಲು ಆಸೆ. ಆ ಮಣ್ಣಿನಲ್ಲಿ ಯಾರೂ ಓಡಲಾರರು. ಬೀಳುತ್ತ ಏಳುತ್ತ ಹೋದೆವು. ಮೊದಲ ಮನೆಯ ಹೊಸ್ತಿಲ ಒಳಗೇ ಶೇವಂತಾ ರೊಟ್ಟಿ ಬಡಿಯುತ್ತ ಕೂತಿದ್ದಳು. ಇಬ್ಬರೂ ಹುಡುಗಿಯರು ಅವಳ ಹಿಂದೆ ಕೌದಿ ಹೊದ್ದು ಕೂತಿದ್ದರು. ನನ್ನ ಅವತಾರ ನೋಡಿ ಅವರು ಕಿಲಕಿಲ ನಕ್ಕರು. ನಾನು ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟೆ.

"ಯಾಕ್ರಿ ಬಾಯಾರ, ಏನಾತ್ರಿ?" ಎಂದು ಶೇವಂತಾ ಗಾಬರಿಯಾದಳು. ತೊಲೆಯ ವಿಷಯ ಹೇಳಿದಾಗ, "ಹೌದ್ರಿ, ನಿನ್ನೆ ಬಿತ್ತು. ನಾವು ಮಳಿ ಹತ್ತಿದ ಮರುದಿನ ಮುಂಜಾನೆನ ಬಂದ್ವಿ. ಅತ್ತಿನ ಎಲ್ಲಾರ ಮನಿಗೆ ಹೋಗಿ ಎಬ್ಬಿಸಿದ್ಳು," ಎಂದಳು.

"ಗ್ವಾಡಿ ಮುಗಿದಿಲ್ಲಲ್ಲ?"

ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟಳು. "ಹೋಗಿ ನೋಡ್ರಿ."

ಮನೆಯ ಹಿಂದೆ ಹೋಗಿ ನೋಡಿದೆ. ಗೋಡೆ ನಿಂತಲ್ಲಿಂದ ತಗ್ಗಿನವರೆಗೆ ಕಟ್ಟಿಗೆ ಹುಗಿದು, ಜೋಳದ ದಂಟಿನ ಕಣಕಿ ಕಟ್ಟಿ, ಕಣಕಿ ಸಾಲದ ಕಡೆ ಹಳೆಯ ಸೀರೆ, ಕೌದಿ ಬಿಗಿದು ಮರೆ ಮಾಡಿದ್ದರು. ಮಳೆಯಲ್ಲಿ ನೆನೆದು, ಬಣ್ಣ ಬಣ್ಣವಾಗಿ, ಜೋತು ಬಿದ್ದಿತ್ತು. ಮಲ್ಲಪ್ಪನವರು ನನ್ನ ಹಿಂದೆ ಬರಲಿಲ್ಲ. ರಸ್ತೆಯ ಕಡೆಗೇ ನಿಂತು ಎರಡೂ ಕೈಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅತ್ತೆ ಅವರಿಗೆ ಬಿಸಿ ಚಹ ತಂದುಕೊಟ್ಟು ಹೇಳಿದಳು: "ಮನಿ ಚಲೋ ಕಟ್ಟೀರಿ ಓವರ್ಸೇರ ಸಾಹೇಬ್ರ. ಒಂದ ಹನಿ ಸೋರಿಲ್ಲ. ಆದ್ರ ಬ್ಯಾಸಗ್ಯಾಗ ಫರಸಿ ಮ್ಯಾಲೆ ನಾವು ಮಣ್ಣ ಹಾಕವ್ರ. ಬ್ಯಾಡ ಅನಬ್ಯಾಡ್ರಿ."

"ಹಾಕ್ರಿ. ಗೇಣ ಹಾಕ್ರಿ, ಮೊಳ ಹಾಕಬ್ಯಾಡ್ರಿ," ಎಂದರು ಮಲ್ಲಪ್ಪನವರು.

ಇಂಡಿಗೆ ಮರಳಿದ ದಿನ ನಾನು ಹೊಟ್ಟೆ ತುಂಬ ಉಂಡು ಸಂಜೆಗೇ ಮಲಗಿದವಳು ಮರುದಿನ ಬಿಸಿಲೇರಿದ ಮೇಲೆ ಎದ್ದೆ. ಅಷ್ಟು ನಿರಾಳವಾದ ನಿದ್ದೆ ನನ್ನ ನೌಕರಿಯಲ್ಲಿ ಮತ್ತೆ ಬರಲಿಲ್ಲ. ಗೋಡೆ ದಸರೆಗೆ ಮುಗಿಯಿತು. ಸಾಹೇಬರು ಬಂದು ರಸ್ತೆಯ ಮೇಲಿಂದಲೇ ನೋಡಿ, "ಮಣ್ಣು ಚೆನ್ನಾಗಿ ನಿಂತಿದೆ," ಎಂದು ಹೇಳಿ ನಗುತ್ತ ಹೋದರು. ಗಾಳಿಯ ಮಾತನ್ನು ಗಂಡಸರು ಮತ್ತೆ ಎತ್ತಲಿಲ್ಲ. ಅದು ಹೇಗೆ ಬಿಟ್ಟುಹೋಯಿತು ಎಂದೂ ಯಾರೂ ಕೇಳಲಿಲ್ಲ.

ಆಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಆದೇಶ ಏನೂ ಬರಲಿಲ್ಲ. ಮಲ್ಲಪ್ಪನವರು ಯಾವ ಊರಿಗೆ ಹೊಸ ಮನೆಗಳ ಜಾಗ ನೋಡಲು ಹೋದರೂ ನನಗೆ ಹೇಳಿ ಕಳಿಸುತ್ತಿದ್ದರು, ಅಷ್ಟೇ. ಸಿಂದಗಿಗೆ, ಮುದ್ದೇಬಿಹಾಳಕ್ಕೆ ಹಾಗೆ ಹೋದೆವು. ಒಂದು ಸಲ ನಿಡಗುಂದಿಯ ಹತ್ತಿರ ಅವರು ಟೇಪು ಹಿಡಿದು, ಗೂಟ ಬಡಿಸಿ, ಸುಣ್ಣ ಹಾಕಿಸಿ ಎಲ್ಲ ತಯಾರು ಮಾಡಿದ್ದರು. ಹೆಂಗಸರನ್ನು ಕರೆದುಕೊಂಡು ನಾನು ಹೋದಾಗ ಅವರು ಛತ್ರಿ ಬಿಚ್ಚಿಕೊಂಡು ದೂರ ಸರಿದು ನಿಂತರು. ಹೆಂಗಸರು ಆ ಗೂಟಗಳ ನಡುವೆ ಅಡ್ಡಾಡಿದರು. ಒಬ್ಬಳು ಕೆರೆಯ ಕಡೆ ನೋಡಿದಳು, ಇನ್ನೊಬ್ಬಳು ರಸ್ತೆಯ ಕಡೆ ನೋಡಿದಳು. ತಮ್ಮತಮ್ಮಲ್ಲೇ ಗುಜುಗುಜು ಮಾತಾಡಿಕೊಂಡು, ಕೊನೆಗೆ ನನ್ನನ್ನು ಕರೆದು, "ಇಲ್ಲಿ ಬ್ಯಾಡ್ರಿ ಬಾಯಾರ, ಆ ಬನ್ನಿ ಗಿಡದ ಆಚಿಗೆ ಆದ್ರ ಬರ್ತೇವಿ," ಎಂದರು.

ನಾನು ಮಲ್ಲಪ್ಪನವರ ಕಡೆ ನೋಡಿದೆ. ಅವರು ಯಾಕೆ ಎಂದು ಕೇಳಲಿಲ್ಲ. ಛತ್ರಿ ಮಡಚಿ ನೆಲಕ್ಕಿಟ್ಟು, ಬಾಗಿ, ಮೊದಲ ಗೂಟವನ್ನು ತಾವೇ ಕಿತ್ತರು.